ತುರಿಕೆಗೆ ಒಂದು ಟ್ಯೂಬ್ ಕೊಡಿ: ಬಿಡದ ತುರಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊಡಗಿನ ಸಣ್ಣ ಪೇಟೆಯೊಂದರಲ್ಲಿ 22 ವರ್ಷಗಳಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಸಂತೆಯ ದಿನ ಜ್ವರದ ಮಾತ್ರೆ ಬಿಟ್ಟರೆ ನನ್ನ ಕಿವಿಗೆ ಹೆಚ್ಚು ಬೀಳುವ ಮಾತು, "ಅಣ್ಣ, ತುರಿಕೆಗೆ ಒಂದು ಟ್ಯೂಬ್ ಕೊಡಿ." ಟ್ಯೂಬ್ ಕೊಡುವುದು ಅರ್ಧ ನಿಮಿಷದ ಕೆಲಸ. ಆ ತುರಿಕೆ ಚರ್ಮದ್ದೋ, ಪಕ್ಕದಲ್ಲಿ ಮಲಗುವವರಿಂದ ಬಂದದ್ದೋ, ಕಿಡ್ನಿಯದ್ದೋ ಲಿವರಿನದ್ದೋ ಎಂದು ಕೇಳಿ ತಿಳಿಯಲು ಹತ್ತು ನಿಮಿಷ ಬೇಕು. ಸಂತೆಯ ದಿನ ಆ ಹತ್ತು ನಿಮಿಷ ನನಗೂ ಇರುವುದಿಲ್ಲ, ಜೀಪು ಕಾಯಿಸಿ ಬಂದವರಿಗೂ ಇರುವುದಿಲ್ಲ. ಆದ್ದರಿಂದ ಬರೆದಿಟ್ಟೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ನಿಮಗೆ ಇಂಥದ್ದೇ ಕಾಯಿಲೆ ಎಂದು ಹೇಳಲಾರೆ. ಯಾವಾಗ ನನ್ನ ಅಂಗಡಿ ದಾಟಿ ಆಸ್ಪತ್ರೆಯ ಕಡೆ ನಡೆಯಬೇಕು ಎಂದು ಮಾತ್ರ ಹೇಳಬಲ್ಲೆ.

ಎಷ್ಟು ದಿನದ ತುರಿಕೆಯಾದರೆ ಡಾಕ್ಟರಿಗೆ ತೋರಿಸಬೇಕು?

6 ವಾರ ಎನ್ನುವುದು ವೈದ್ಯರ ಲೆಕ್ಕ. ಅದನ್ನು ದಾಟಿದರೆ ದೀರ್ಘಕಾಲದ ತುರಿಕೆ. ನಮ್ಮ ಕ್ಯಾಲೆಂಡರಿನಲ್ಲಿ ಹೇಳುವುದಾದರೆ, ಜುಲೈ ನಡುವಿನಲ್ಲಿ ಕಕ್ಕಡ ತಿಂಗಳು ಹುಟ್ಟಿದಾಗ ಶುರುವಾದ ನವೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡುವಾಗಲೂ ಇದ್ದರೆ ಗಡುವು ಮುಗಿಯಿತು. ಜಿಗಣೆ ಕಚ್ಚಿದ ಜಾಗವೂ ಬಹಳ ದಿನ ಕಡಿಯುತ್ತದೆ, ಆದರೆ ಅದು ಕಚ್ಚಿದಲ್ಲೇ ಇದ್ದು ದಿನದಿಂದ ದಿನಕ್ಕೆ ಇಳಿಯುತ್ತದೆ.

ಕಣ್ಣು ಹಳದಿಯಾಗಿದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ, ಜ್ವರ ಬಂದು ಹೋಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ 6 ವಾರ ಕಾಯುವುದಕ್ಕಿಲ್ಲ.

ಮೈಮೇಲೆ ಗುಳ್ಳೆಯಿಲ್ಲ, ದದ್ದಿಲ್ಲ, ಬರೀ ತುರಿಕೆ. ಇದೇನು?

ಈ ಎಲ್ಲ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ಚರ್ಮದ ರೋಗ ಚರ್ಮದ ಮೇಲೆ ತನ್ನದೇ ಗುರುತು ಬಿಡುತ್ತದೆ. ಹುಳುಕಡ್ಡಿಗೆ ಉಂಗುರ, ಸೋರಿಯಾಸಿಸ್‌ಗೆ ಬೆಳ್ಳಿ ಬಣ್ಣದ ಹೊಟ್ಟು, ಹಳೆಯ ಇಸುಬಿಗೆ ಆನೆಚರ್ಮದಂಥ ದಪ್ಪ. ಒಳಗಿನ ಕಾರಣದಿಂದ ಬಂದ ತುರಿಕೆಗೆ ಅಂಥ ಸ್ವಂತ ಗುರುತಿರುವುದಿಲ್ಲ. ಅಲ್ಲಿ ಕಾಣುವುದೆಲ್ಲ ಉಗುರಿನ ಕೆಲಸ: ಗೀರು, ಹಕ್ಕಳೆ, ಕಪ್ಪು ಕಲೆ.

ಇದನ್ನು ಮನೆಯಲ್ಲೇ ನೋಡಲು ಒಂದು ದಾರಿಯಿದೆ. ಅಂಗಿ ತೆಗೆಸಿ ಬೆನ್ನು ನೋಡಿ. ಎರಡು ರೆಕ್ಕೆ ಮೂಳೆಗಳ ನಡುವೆ, ಯಾವ ಕೈಯೂ ಎಟುಕದ ಜಾಗವೊಂದೇ ಚೊಕ್ಕವಾಗಿದ್ದು ಸುತ್ತಲೂ ಗೀರುಗಳಿದ್ದರೆ, ಕಲೆಗಳು ತುರಿಸಿಕೊಂಡದ್ದರಿಂದಲೇ ಬಂದವು. ಆ ಚೊಕ್ಕ ಜಾಗ ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕಾಣುವುದರಿಂದ ಡಾಕ್ಟರುಗಳು ಅದಕ್ಕೆ ಚಿಟ್ಟೆ ಗುರುತು ಎನ್ನುತ್ತಾರೆ. (ಬೆನ್ನು ಕೆರೆಯುವ ಕೋಲು ಇಟ್ಟುಕೊಂಡವರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ನಮ್ಮ ಅಜ್ಜ ಬಿದಿರಿನದ್ದೊಂದು ಮಾಡಿಸಿಟ್ಟುಕೊಂಡಿದ್ದರು.)

ಗುರುತಿಲ್ಲದ ತುರಿಕೆ ಎಂದಾಕ್ಷಣ ಕಿಡ್ನಿ ಹೋಯಿತು ಎಂದುಕೊಳ್ಳಬೇಡಿ. ಒಣಚರ್ಮವೂ ಹಾಗೆಯೇ ಕಾಣುತ್ತದೆ, ಆಗತಾನೇ ಶುರುವಾದ ಕಜ್ಜಿಯೂ ಹಾಗೆಯೇ. ಈ ಎರಡನ್ನು ಮೊದಲು ಪಟ್ಟಿಯಿಂದ ತೆಗೆಯಬೇಕು. ಆಮೇಲೆ ರಕ್ತ ಪರೀಕ್ಷೆ.

ಮನೆಯಲ್ಲಿ ಮೂರು ಜನಕ್ಕೂ ತುರಿಕೆ, ಮಲಗಿದ ಮೇಲೆ ಜಾಸ್ತಿ. ಬಾವಿ ನೀರಿನ ದೋಷವೆ?

ಬಾವಿಯನ್ನು ಬೈಯುವ ಮೊದಲು ಬೆರಳ ಸಂದಿ ನೋಡಿ. ಮಣಿಕಟ್ಟು, ಕಂಕುಳು, ಹೊಕ್ಕಳ ಸುತ್ತ, ಸೊಂಟದ ಪಟ್ಟಿ ಬರುವ ಜಾಗ, ಹೆಂಗಸರಲ್ಲಿ ಮೊಲೆಯ ಸುತ್ತ, ಗಂಡಸರಲ್ಲಿ ಗುಪ್ತಾಂಗದ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ಅದು ಕಜ್ಜಿ. ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಹುಳು ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ವಿಚಿತ್ರವೆಂದರೆ ಮೈತುಂಬ ತುರಿಸಿಕೊಳ್ಳುವ ಸಾಮಾನ್ಯ ರೋಗಿಯೊಬ್ಬರ ಮೈಮೇಲೆ ಇರುವ ಹುಳುಗಳು 10-15 ಅಷ್ಟೆ. ತುರಿಕೆ ಹುಳುವಿನ ಓಡಾಟದಿಂದ ಬರುವುದಲ್ಲ. ಹುಳು, ಅದರ ಮೊಟ್ಟೆ, ಹಿಕ್ಕೆಗಳ ಮೇಲೆ ನಮ್ಮ ಮೈ ಸಿಟ್ಟಾಗುವುದರಿಂದ ಬರುವುದು. ಆದ್ದರಿಂದಲೇ ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಬೇಕು. ಅಷ್ಟು ದಿನ ಗೊತ್ತಿಲ್ಲದೆಯೇ ಇನ್ನೊಬ್ಬರಿಗೆ ದಾಟಿಸುತ್ತಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಿದ್ದು ನಿಜ, ಕಜ್ಜಿ ಎಂದು ಬಾಯಿಬಿಟ್ಟು ಹೇಳುವುದಕ್ಕೇ ನಮ್ಮಲ್ಲಿ ನಾಚಿಕೆ.

ನಾಚಿಕೆ ಪಡುವಂಥದ್ದು ಏನೂ ಇಲ್ಲ, ನಮ್ಮ ಮನೆಗೇ ಬಂದಿದೆ. ಮಗ ಹಾಸ್ಟೆಲಿನಿಂದ ರಜೆಗೆ ಬಂದವನು ತಂದ. ಅವನೊಬ್ಬನಿಗೆ ಕ್ರೀಮ್ ಹಚ್ಚಿಸಿದೆ, ವಾಸಿಯಾಯಿತು. ಅಷ್ಟರಲ್ಲಿ ನನ್ನ ಹೆಂಡತಿಗೆ, ಅವಳಿಂದ ಅಮ್ಮನಿಗೆ, ಅಮ್ಮನ ಪಕ್ಕ ಮಲಗಿದ ಮಗನಿಗೆ ಮತ್ತೆ! ಔಷಧಿ ಅಂಗಡಿಯವನ ಮನೆಯಲ್ಲಿ ಎರಡು ತಿಂಗಳು ಕಜ್ಜಿ ಗಸ್ತು ತಿರುಗಿತು. ಕಾರಣ, ಇಡೀ ಮನೆಗೆ ಒಂದೇ ರಾತ್ರಿ ಔಷಧಿ ಹಚ್ಚಬೇಕು ಎನ್ನುವ ಮೊದಲ ಪಾಠವನ್ನು ನಾನೇ ಮರೆತದ್ದು.

ಡಾಕ್ಟರು ಸಾಮಾನ್ಯವಾಗಿ ಬರೆಯುವುದು 5% ಪರ್ಮೆತ್ರಿನ್ ಕ್ರೀಮ್. ತುರಿಕೆ ಇರುವವರು ಇಲ್ಲದವರು ಎಂದು ನೋಡದೆ ಮನೆಯವರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನ ಅಡಿ, ಹೊಕ್ಕಳು ಬಿಡದೆ ಹಚ್ಚಿ, 8ರಿಂದ 12 ಗಂಟೆ ಬಿಟ್ಟು ಸ್ನಾನ ಮಾಡಬೇಕು. ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ ಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಒಂದು ವಾರ ಬಿಟ್ಟು ಇನ್ನೊಂದು ಸಲ. ಎಳೆ ಮಕ್ಕಳು, ಗರ್ಭಿಣಿಯರು, ತೀರ ವಯಸ್ಸಾದವರಿಗೆ ಹೇಗೆ ಹಚ್ಚಬೇಕೆಂದು ಡಾಕ್ಟರನ್ನು ಕೇಳಿಕೊಳ್ಳಿ. ಬಟ್ಟೆ, ಹೊದಿಕೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. "ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರಲಿ?" ಎಂದು ಕೇಳುವಿರಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಮೈ ಬಿಟ್ಟರೆ ಈ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಹುಳು ಸತ್ತ ಮೇಲೂ 2ರಿಂದ 4 ವಾರ ತುರಿಕೆ ಇರುತ್ತದೆ. ಔಷಧಿ ಹಿಡಿಯಲಿಲ್ಲ ಎಂದು ದಿನಾ ಹಚ್ಚಿದರೆ ಕ್ರೀಮೇ ಚರ್ಮ ಸುಡುತ್ತದೆ. ತೋಟದ ಮಾಲೀಕರಿಗೊಂದು ಮಾತು: ಲೈನ್ ಮನೆಯಲ್ಲಿ ಒಬ್ಬರಿಗೆ ಬಂದರೆ ಸಾಲಿನ ಎಲ್ಲ ಮನೆಗಳಿಗೂ ಒಂದೇ ದಿನ ಕ್ರೀಮ್ ತರಿಸಿಕೊಡಿ. ಕೊಯ್ಲಿನ ಸಮಯದಲ್ಲಿ ಹತ್ತು ಆಳು ನಿದ್ದೆಗೆಡುವುದಕ್ಕಿಂತ ಅದು ಅಗ್ಗ.

ಮಳೆಗಾಲ ಬಂದರೆ ತೊಡೆಸಂದಿಯಲ್ಲಿ ಉಂಗುರದಂಥ ಕಲೆ. ಟ್ಯೂಬ್ ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಯಾಕೆ?

ಯಾವ ಟ್ಯೂಬ್ ಎಂದು ನೋಡಿ. ಹಿಂಬದಿಯಲ್ಲಿ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದೇನಾದರೂ ಇದ್ದರೆ ಅದು ಸ್ಟೆರಾಯ್ಡ್. ಇದು ಹುಳುಕಡ್ಡಿ, ಅಂದರೆ ಫಂಗಸ್. ಸ್ಟೆರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಎರಡೇ ದಿನದಲ್ಲಿ ಅಡಗಿಸುತ್ತದೆ, ಫಂಗಸ್ಸನ್ನು ಮುಟ್ಟುವುದಿಲ್ಲ. ಅದು ಒಳಗೊಳಗೇ ಹಬ್ಬಿ, ಉಂಗುರದ ಆಕಾರ ಕಳೆದುಕೊಂಡು, ಚರ್ಮವೈದ್ಯರೂ ತಡಕಾಡುವ ಹಾಗೆ ಆಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಬಿರುಕುಗೆರೆ ಬೀಳುವುದನ್ನು ನೋಡಿದ್ದೇನೆ. ಆ ಗೆರೆ ಮತ್ತೆ ಹೋಗುವುದಿಲ್ಲ.

ಸ್ಟೆರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬುಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾದವು. ಮೊದಮೊದಲು ನಾನೂ ಕೊಟ್ಟಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. 2018ರಲ್ಲಿ ಸರ್ಕಾರ ಹಚ್ಚುವ ಸ್ಟೆರಾಯ್ಡುಗಳನ್ನು ಚೀಟಿ ಬೇಕೇ ಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಈಗ ಚೀಟಿಯಿಲ್ಲದೆ ಕೇಳಿದರೆ ಕೊಡುವುದಿಲ್ಲ, ನಾಲ್ಕು ಜನ ಬೈದು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಇದರ ಜೊತೆಗೆ ಭಾರತದಲ್ಲಿ ಈಗ ಹರಡಿರುವ ಫಂಗಸ್ ತಳಿಯೇ ಮೊಂಡು. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು, ಹೆಸರಿನಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್ ಮಾತ್ರೆಗೆ ಅದು ಹಲವು ಸಲ ಬಗ್ಗುವುದಿಲ್ಲ. ಆದ್ದರಿಂದ ಹಿಂದೆ ಎರಡು ವಾರದಲ್ಲಿ ವಾಸಿಯಾಗುತ್ತಿದ್ದದ್ದು ಈಗ ಒಂದೆರಡು ತಿಂಗಳು ಬೇಡುತ್ತದೆ. ಕಲೆ ಮಾಯವಾದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಔಷಧಿ ಮುಂದುವರಿಸಿ. ಒದ್ದೆ ಒಳಉಡುಪು ಹಾಕಿಕೊಳ್ಳಬೇಡಿ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆಗೆ ಒಣಗಿದ ಬಟ್ಟೆ ಮುಟ್ಟಲು ಬೆಚ್ಚಗಿರುತ್ತದೆ, ಹೊಲಿಗೆಯಲ್ಲಿ ಒದ್ದೆ ಉಳಿದಿರುತ್ತದೆ. ಇಸ್ತ್ರಿ ಹಾಕಿಯೇ ತೊಡಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು.

ತೋಟದ ಕೆಲಸ ಮಾಡುವವರಿಗೆ ತುರಿಕೆ ಸಹಜವಲ್ಲವೆ?

ಸಹಜ ಎಂದು ಬಿಟ್ಟದ್ದೇ ಎಷ್ಟೋ ಸಲ ವರ್ಷಗಟ್ಟಲೆಯ ಇಸುಬಾಗುತ್ತದೆ. ಕಂಬಳಿಹುಳು, ಚಗಳಿ ಇರುವೆ, ನಸುಗುನ್ನಿಯ ರೋಮ ಇವೆಲ್ಲ ಅಂದಿನದ್ದು ಅಂದಿಗೆ. ಹೊಲಗೇರಿನ ಸೊನೆ ಬಿದ್ದರೆ, ನಮ್ಮ ಕಡೆ ಚೇರೆ ಎನ್ನುವ ಮರ, ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕಾರಣ ಗೊತ್ತಿರುವುದರಿಂದ ಯಾರೂ ಗಾಬರಿಯಾಗುವುದಿಲ್ಲ.

ಕಾರಣ ಗೊತ್ತಾಗದೇ ಕಾಡುವುದು ನಿಧಾನದ ಅಲರ್ಜಿ. ಕಾಂಗ್ರೆಸ್ ಗಿಡದ್ದು ಮುಖ್ಯವಾದದ್ದು. ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಚುವ ಜಾಗದಲ್ಲಿ ಬಂದು, ಬೇಸಿಗೆಯಲ್ಲಿ ಏರಿ, ಚರ್ಮ ಕಪ್ಪಗೆ ದಪ್ಪಗಾಗುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸುವವರಲ್ಲಿ ಮೈಲುತುತ್ತ ಮತ್ತು ಸುಣ್ಣ ಎರಡೂ ಚರ್ಮ ಕೆರಳಿಸುತ್ತವೆ. ಸುಣ್ಣದ ಕ್ಷಾರ ಚರ್ಮದ ಎಣ್ಣೆಯನ್ನೇ ತೆಗೆಯುತ್ತದೆ. ಗಂಬೂಟಿನ ರಬ್ಬರ್ ಒಗ್ಗದವರಿಗೆ ಬೂಟಿನ ಅಂಚು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಗೆರೆ ಎಳೆದ ಹಾಗೆ ತುರಿಕೆ. ಇಲ್ಲಿ ಕೇಳಿಕೊಳ್ಳಬೇಕಾದ್ದು ಒಂದೇ: ನೆಂಟರ ಮನೆಗೆ ಹೋಗಿ ಹತ್ತು ದಿನ ಇದ್ದಾಗ ಕಡಿಮೆಯಾಗಿತ್ತೆ? ಆಗಿತ್ತು ಎಂದಾದರೆ ಕಾರಣ ಮೈಯೊಳಗಿಲ್ಲ, ಕೆಲಸದಲ್ಲಿದೆ. ಸಿಂಪಡಿಸುವಾಗ ತುಂಬುತೋಳು, ಕೈಗವಸು. ಮುಗಿದ ಕೂಡಲೇ ಸ್ನಾನ. ಆ ಬಟ್ಟೆ ಬೇರೆ ಒಗೆಯಬೇಕು.

ಮದುವೆಗೆಂದು ಪೆಟ್ಟಿಗೆಯಿಂದ ತೆಗೆದ ಉಣ್ಣೆಯ ಕುಪ್ಯ (ಕೊಡವ ಗಂಡಸರ ನಿಲುವಂಗಿ) ಕುತ್ತಿಗೆ ಕಡಿಯುವುದು, ಗಿಲೀಟಿನ ಓಲೆಯ ನಿಕ್ಕಲ್‌ನಿಂದ ಕಿವಿ ಸೋರುವುದು, ಇವೂ ಈ ಜಾತಿಯವೇ.

ವಯಸ್ಸಾದ ಅಮ್ಮನಿಗೆ ಡಿಸೆಂಬರ್ ಬಂತೆಂದರೆ ಕಾಲು, ಬೆನ್ನು ಉರಿ ಮತ್ತು ತುರಿಕೆ. ಪರೀಕ್ಷೆಯೆಲ್ಲ ಸರಿಯಿದೆ.

ಹಂಡೆಯ ನೀರು ಎಷ್ಟು ಬಿಸಿ ಎಂದು ಕೇಳಿ. ಕಾಫಿ ಕಟ್ಟಿಗೆಯಲ್ಲಿ ಕುದಿಸಿದ ನೀರನ್ನು ಹೊಗೆಯಾಡುವ ಹಾಗೆ ಸುರಿದುಕೊಂಡರೇ ನಮ್ಮ ಹಿರಿಯರಿಗೆ ಸ್ನಾನವಾದ ಸಮಾಧಾನ. ವಯಸ್ಸಾದ ಚರ್ಮದಲ್ಲಿ ಎಣ್ಣೆಯಂಶ ಮೊದಲೇ ಕಡಿಮೆ. ಬಿಸಿನೀರು ಮತ್ತು ಸೋಪು ಉಳಿದದ್ದನ್ನೂ ತೊಳೆಯುತ್ತವೆ. ಚಳಿಗಾಲದ ಒಣಗಾಳಿ ಸೇರಿದರೆ ಮೊಣಕಾಲಿನ ಕೆಳಗೆ ಬಿರುಕುಬಿಟ್ಟ ಗದ್ದೆಯಂತೆ ಕಾಣುತ್ತದೆ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷ, ಸೋಪು ಕಂಕುಳು ತೊಡೆಸಂದಿಗೆ ಮಾತ್ರ. ಮೈ ಒರೆಸಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ದಿನಕ್ಕೆ ಎರಡು ಸಲ ಹಚ್ಚಿ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ ಸೀಗೆಕಾಯಿ ಹಾಕಿ ತಿಕ್ಕಿದರೆ ಹಚ್ಚಿದ ಎಣ್ಣೆ ಚರಂಡಿಗೆ. ಮೂರು ವಾರ ಹೀಗೆ ಮಾಡಿದರೂ ಇಳಿಯದಿದ್ದರೆ ಒಣಚರ್ಮದ ಮೇಲೆ ತಪ್ಪು ಹೊರಿಸುವುದನ್ನು ನಿಲ್ಲಿಸಿ. ಎಪ್ಪತ್ತು ದಾಟಿದವರಲ್ಲಿ ತಿಂಗಳುಗಟ್ಟಲೆ ತುರಿಕೆಯಿದ್ದು ಆಮೇಲೆ ದೊಡ್ಡ ನೀರುಗುಳ್ಳೆ ಏಳುವ ಪೆಂಫಿಗಾಯ್ಡ್ ಎಂಬ ಕಾಯಿಲೆಯೂ ಇದೆ. ಅದು ಚರ್ಮವೈದ್ಯರೇ ನೋಡಬೇಕಾದದ್ದು.

ಕಿಡ್ನಿ ತೊಂದರೆಗೂ ತುರಿಕೆಗೂ ಏನು ಸಂಬಂಧ?

ಕಿಡ್ನಿ ಸೋತ ಮೇಲೆ ಬರುವ ತುರಿಕೆ ಇದು, ಶುರುವಿನಲ್ಲಿ ಬರುವುದು ಅಪರೂಪ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬಹಳ ಮಂದಿಗೆ ಇದೆ. ಬೆನ್ನು, ತೋಳು, ಮುಖ, ಮೈಯ ಎರಡೂ ಕಡೆ ಒಂದೇ ಸಮ, ರಾತ್ರಿ ಹೆಚ್ಚು. ರಕ್ತದಲ್ಲಿ ನಿಂತ ಕಲ್ಮಶ, ರಂಜಕದ ಏರುಪೇರು, ಒಣಚರ್ಮ, ನರಗಳ ಕೆರಳಿಕೆ ಎಲ್ಲ ಸೇರಿದ ತುರಿಕೆ. ಅಲರ್ಜಿಗೆ ನುಂಗುವ ಸೆಟ್ರಿಜಿನ್ ಮಾತ್ರೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಅದು ತಡೆಯುವ ಹಿಸ್ಟಮಿನ್ ಇಲ್ಲಿ ಮುಖ್ಯ ಅಪರಾಧಿಯಲ್ಲ. ಡಾಕ್ಟರು ಗ್ಯಾಬಪೆಂಟಿನ್ ಅನ್ನು ಕಿಡ್ನಿಗೆ ತಕ್ಕಂತೆ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ.

ನನಗೆ ಹೆಚ್ಚು ಕಳವಳ ತರುವುದು ಇದರ ಹಿಂದಿನ ಕಥೆ. ಬಿಪಿ, ಸಕ್ಕರೆ ಎರಡೂ ಇದ್ದು, ಸೊಂಟನೋವಿಗೆ ದಿನಾ ಡೈಕ್ಲೊಫಿನ್ಯಾಕ್ ನುಂಗುತ್ತಾ ಕಾಫಿ ಕೊಯ್ಯುವವರು ಈ ಜಿಲ್ಲೆಯಲ್ಲಿ ಎಷ್ಟಿಲ್ಲ! ಅಂಥವರಿಗೆ ಮೈಯೆಲ್ಲ ತುರಿಕೆ, ಕಾಲು ಊತ, ಮೂತ್ರದಲ್ಲಿ ನೊರೆ, ಊಟ ಸೇರದಿರುವುದು ಒಟ್ಟಿಗೆ ಕಂಡರೆ ಆ ವಾರವೇ ಕ್ರಿಯಾಟಿನಿನ್ ಎಂಬ ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಬೇಕು.

ಲಿವರಿನ ತುರಿಕೆ ಹೇಗೆ ಗೊತ್ತಾಗುತ್ತದೆ?

ಅಂಗೈ, ಅಂಗಾಲಿನಲ್ಲಿ ಶುರುವಾಗುವುದು ಅದರ ಗುಣ. ಸಂಜೆಯಿಂದ ಏರುತ್ತದೆ. ಪಿತ್ತರಸ ಕರುಳಿಗೆ ಇಳಿಯುವ ದಾರಿ ಎಲ್ಲಾದರೂ ಕಟ್ಟಿಕೊಂಡರೆ ಅದರಲ್ಲಿರುವ ವಸ್ತುಗಳು ರಕ್ತಕ್ಕೆ ಮರಳಿ ನರಗಳನ್ನು ಕೆರಳಿಸುತ್ತವೆ. ಕಟ್ಟುವುದು ಕಲ್ಲಿರಬಹುದು, ಗಡ್ಡೆಯಿರಬಹುದು, ಕೆಲವು ಮಾತ್ರೆ ಅಥವಾ ನಾಟಿ ಔಷಧಿಯಿಂದ ಲಿವರಿನ ಒಳಗೇ ಕಟ್ಟಿಕೊಂಡಿರಬಹುದು. ನಡುವಯಸ್ಸಿನ ಹೆಂಗಸರಲ್ಲಿ ಲಿವರಿನೊಳಗಿನ ಸಣ್ಣ ಪಿತ್ತನಾಳಗಳು ನಿಧಾನವಾಗಿ ಹಾಳಾಗುವ ಕಾಯಿಲೆಯೊಂದಿದೆ. ಅದರಲ್ಲಿ ಕಾಮಾಲೆಗೆ ವರ್ಷಗಳ ಮೊದಲೇ ತುರಿಕೆ, ಸುಸ್ತು ಬರಬಹುದು; ಲಿವರಿನ ರಕ್ತ ಪರೀಕ್ಷೆಯಾದ ಎಲ್‌ಎಫ್‌ಟಿಯಲ್ಲಿ ಅಲ್ಕಲೈನ್ ಫಾಸ್ಫಟೇಸ್ ಏರಿರುವುದು ಸುಳಿವು.

ಮೂತ್ರ ಕಡುಚಹದ ಬಣ್ಣ, ಮಲ ಜೇಡಿಮಣ್ಣಿನಂತೆ ಬಿಳಿಚು, ಕಣ್ಣು ಹಳದಿ ಆದರೆ ಕಾಯಬೇಡಿ. ಕಕ್ಕಡ 18ಕ್ಕೆ ಮದ್ದು ಸೊಪ್ಪಿನ ಪಾಯಸ ಉಂಡ ಮರುದಿನ ಮೂತ್ರ ಕೆಂಪು-ನೇರಳೆಯಾಗುವುದು ನಮಗೆಲ್ಲ ಗೊತ್ತು. ಅದು ಒಂದೆರಡು ದಿನದ ಬಣ್ಣ. ಆಗಸ್ಟ್ ಮೊದಲ ವಾರ ಮುಗಿದ ಮೇಲೂ ಮೂತ್ರ ಕಪ್ಪಿದ್ದರೆ ಮದ್ದು ಸೊಪ್ಪಿನ ಮೇಲೆ ಹಾಕಬೇಡಿ. ಇನ್ನೊಂದು, ಕಾಮಾಲೆಗೆ ಬೇರು ಅರೆದು ಕುಡಿಸುವವರು ಹತ್ತಿರದಲ್ಲೇ ಇರುತ್ತಾರೆ. ವೈರಸ್ಸಿನ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುವುದರಿಂದ ಅವರಿಗೆ ಹೆಸರು ಬರುತ್ತದೆ. ಕಲ್ಲು ಸಿಕ್ಕಿದ ಪಿತ್ತನಾಳ ಬೇರಿಗೆ ಕರಗುವುದಿಲ್ಲ.

ಏಳು ತಿಂಗಳ ಗರ್ಭಿಣಿ. ಅಂಗೈ ಅಂಗಾಲು ಕಡಿತ, ನಿದ್ದೆಯಿಲ್ಲ. ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಅನ್ನುತ್ತಾರೆ ಅತ್ತೆ.

ಹೊಟ್ಟೆಯ ಚರ್ಮ ಹಿಗ್ಗಿ ಹೊಟ್ಟೆಯ ಮೇಲೆ ತುರಿಸುವುದು ಇದ್ದದ್ದೇ. ದದ್ದಿಲ್ಲದೆ ಅಂಗೈ ಅಂಗಾಲು ರಾತ್ರಿ ಕಡಿಯುವುದು ಬೇರೆ ಮಾತು. ಗರ್ಭದ ಹಾರ್ಮೋನಿನಿಂದ ಲಿವರಿನಲ್ಲಿ ಪಿತ್ತ ನಿಲ್ಲುವ ಕಾಯಿಲೆ ಇರಬಹುದು. ತಾಯಿಗೆ ಹೆರಿಗೆಯಾದ ಮೇಲೆ ವಾಸಿ, ಆದರೆ ಪಿತ್ತಾಮ್ಲದ ಮಟ್ಟ ಬಹಳ ಏರಿದರೆ, ಅದರಲ್ಲೂ 100 ದಾಟಿದರೆ, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚುತ್ತದೆ. ಇವತ್ತು ಇಲ್ಲವೇ ನಾಳೆ ಹೆರಿಗೆ ಡಾಕ್ಟರಿಗೆ ಹೇಳಿ. ಎಲ್‌ಎಫ್‌ಟಿ, ಪಿತ್ತಾಮ್ಲ ಪರೀಕ್ಷೆ ಮಾಡಿಸಿ ಹೆರಿಗೆಯ ದಿನ ನಿರ್ಧರಿಸುತ್ತಾರೆ. ಮುಂದಿನ ಬಸುರಿನಲ್ಲೂ ಬರಬಹುದು, ಆಗ ಮೊದಲೇ ತಿಳಿಸಿ. ಆಶಾ ಕಾರ್ಯಕರ್ತೆಯರಿಗೆ ನಾನು ಸಿಕ್ಕಾಗಲೆಲ್ಲ ಹೇಳುವುದು ಇದನ್ನೇ.

ಸಕ್ಕರೆ ಕಾಯಿಲೆಗೆ ತುರಿಕೆ ಬರುತ್ತದೆಯೆ?

ಬರುತ್ತದೆ, ಹೆಚ್ಚಾಗಿ ಜಾಗ ಹಿಡಿದು. ಗುಪ್ತಾಂಗದಲ್ಲಿ ಪದೇ ಪದೇ ಫಂಗಸ್, ಮುಂದೊಗಲು ಬಿರಿಯುವುದು, ಬಿಳಿ ಹೋಗುವುದು ಕಂಡರೆ ಸಕ್ಕರೆ ನೋಡಿಸಿ. ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ಟ್ಯೂಬ್ ಕೊಂಡವರಿಗೆ, ರಕ್ತ ನೋಡಿದಾಗ ಸಕ್ಕರೆ 300 ಇತ್ತು ಎನ್ನುವುದು ನನಗೆ ಹೊಸತಲ್ಲ. ನರ ಸೋತ ಪಾದಗಳಲ್ಲಿ ಉರಿಯ ಜೊತೆ ತುರಿಕೆಯೂ ಇರುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವವರು ಕೆರೆದು ಗಾಯ ಮಾಡಿಕೊಳ್ಳಬೇಡಿ.

ಥೈರಾಯ್ಡ್, ರಕ್ತ ಕಡಿಮೆ ಇರುವುದು?

ಎರಡೂ ಹೌದು. ಥೈರಾಯ್ಡ್ ಹೆಚ್ಚಾದರೆ ಮೈ ಬಿಸಿಯಾಗಿ ತುರಿಕೆ, ಕಡಿಮೆಯಾದರೆ ಚರ್ಮ ಒಣಗಿ ತುರಿಕೆ. ಕಬ್ಬಿಣದ ಕೊರತೆಯಿಂದಲೂ ತುರಿಸಬಹುದು, ಹಿಮೋಗ್ಲೋಬಿನ್ ಇಳಿಯುವ ಮೊದಲೇ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ನೋಡಿಸಿ.

ಸ್ನಾನ ಮಾಡಿ ಬಂದ ಕೂಡಲೇ ಸೂಜಿ ಚುಚ್ಚಿದಂತೆ ತುರಿಕೆ. ಕ್ಯಾನ್ಸರ್ ಅಂತ ಮೊಬೈಲಿನಲ್ಲಿ ಓದಿದೆ, ನಿಜವೆ?

ಮೊಬೈಲಿನಲ್ಲಿ ಎಲ್ಲ ದಾರಿಯೂ ಕ್ಯಾನ್ಸರಿಗೇ ಹೋಗುತ್ತದೆ. ನೀರು ಸೋಕಿದರೆ ತುರಿಸುವವರಲ್ಲಿ ಹಲವರಿಗೆ ಇರುವುದು ಒಣಚರ್ಮವೇ. ಆದರೆ ರಕ್ತದ ಕೆಂಪುಕಣ ಅತಿಯಾಗಿ ಹುಟ್ಟುವ ಪಾಲಿಸೈಥೀಮಿಯಾ ವೀರಾ ಎಂಬ ಕಾಯಿಲೆಯಲ್ಲಿ ಇದು ಹೆಸರುವಾಸಿ ಲಕ್ಷಣ. ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆಯಲ್ಲಿ, ಹಿಮೋಗ್ಲೋಬಿನ್ ಗಂಡಸರಿಗೆ 16.5, ಹೆಂಗಸರಿಗೆ 16 ದಾಟಿದ್ದರೆ ಡಾಕ್ಟರು ಮುಂದಿನ ಪರೀಕ್ಷೆ ಹೇಳುತ್ತಾರೆ. ಬೀಡಿ ಸೇದುವವರಲ್ಲಿ ಹೊಗೆಯಿಂದಲೇ ಏರಿರುವುದೂ ಉಂಟು. ಕಾಯಿಲೆ ನಿಜವಾಗಿದ್ದರೆ ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಸುಮ್ಮನಿರುವಂತಿಲ್ಲ.

ದುಗ್ಧಗ್ರಂಥಿಯ ಕ್ಯಾನ್ಸರಿನಲ್ಲೂ, ಅದರಲ್ಲಿ ಹಾಡ್ಜ್‌ಕಿನ್ ಎಂಬುದರಲ್ಲಿ, ತುರಿಕೆ ಮೊದಲ ಲಕ್ಷಣವಾಗಬಹುದು. ಕುತ್ತಿಗೆ ಅಥವಾ ಕಂಕುಳಲ್ಲಿ ನೋವಿಲ್ಲದ ಗಂಟು, ಹೊದಿಕೆ ತೊಯ್ಯುವಷ್ಟು ರಾತ್ರಿ ಬೆವರು, ತೂಕ ಇಳಿತ ಜೊತೆಗಿರುತ್ತವೆ. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್.

ದಿನಾ ನುಂಗುವ ಮಾತ್ರೆಯಿಂದ ಆಗಿರಬಹುದೆ?

ಆಗಿರಬಹುದು. ಬಿಪಿಯ ಆಮ್ಲೊಡಿಪಿನ್ ವಯಸ್ಸಾದವರಲ್ಲಿ ಕೆಲವೊಮ್ಮೆ ಇಸುಬಿನಂಥ ತುರಿಕೆ ತರುತ್ತದೆ, ಹೈಡ್ರೊಕ್ಲೋರೊಥಯಾಜೈಡ್ ಬಿಸಿಲಿಗೆ ಮೈ ಕೆರಳಿಸುತ್ತದೆ, ಟ್ರಮಡಾಲ್ ದದ್ದಿಲ್ಲದೆಯೇ ತುರಿಸುತ್ತದೆ. ಹೊಸ ಮಾತ್ರೆ ಶುರುಮಾಡಿ ಎಷ್ಟು ದಿನಕ್ಕೆ ತುರಿಕೆ ಬಂತು ಎಂದು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ತುರಿಕೆಯಿಂದ ಯಾರೂ ಸಾಯುವುದಿಲ್ಲ, ಪಾರ್ಶ್ವವಾಯುವಿನಿಂದ ಸಾಯುತ್ತಾರೆ.

ಹಂದಿ ಮಾಂಸ, ಏಡಿ, ಕಣಲೆ, ಅಣಬೆ ನಂಜು ಎನ್ನುತ್ತಾರೆ. ಬಿಡಬೇಕೆ?

ಕಜ್ಜಿಗೂ ಹುಳುಕಡ್ಡಿಗೂ ಪಂದಿ ಕರಿಗೂ ಸಂಬಂಧವಿಲ್ಲ. ಪಥ್ಯ ಹಿಡಿದು ಎರಡು ತಿಂಗಳು ಗಂಜಿ ಕುಡಿದವರ ಹುಳುಕಡ್ಡಿ ದುಂಡಗೆ ಬೆಳೆದದ್ದನ್ನು ಕಂಡಿದ್ದೇನೆ. ಏಡಿ, ಸಿಗಡಿ ತಿಂದ ಒಂದೆರಡು ಗಂಟೆಯೊಳಗೆ ಪ್ರತಿಸಲವೂ ಮೈಮೇಲೆ ಗಂಧೆ ಏಳುವವರು ಮಾತ್ರ ಅದನ್ನು ಬಿಡಲೇಬೇಕು. ತುಟಿ ನಾಲಗೆ ಊದಿದರೆ, ಉಸಿರು ಕಟ್ಟಿದರೆ ಅದು ತುರಿಕೆಯಲ್ಲ, ಎಮರ್ಜೆನ್ಸಿ. ದಿನಾ ಏಳುವ ಗಂಧೆ 6 ವಾರ ಮೀರಿದ್ದರೆ ಅದಕ್ಕೆ ಊಟ ಕಾರಣವಾಗಿರುವುದು ತೀರ ಕಡಿಮೆ.

"ರಕ್ತ ಕೆಟ್ಟಿದೆ, ಶುದ್ಧಿಗೆ ಟಾನಿಕ್ ಕೊಡಿ" ಎನ್ನುವವರೂ ಇದ್ದಾರೆ. ರಕ್ತ ಶುದ್ಧಿ ಮಾಡುವುದು ಕಿಡ್ನಿ ಮತ್ತು ಲಿವರ್. ಟಾನಿಕ್ಕಿನ ದುಡ್ಡಿಗೆ ಅವೆರಡರ ಪರೀಕ್ಷೆಯಾಗುತ್ತದೆ.

ಹಾಗಾದರೆ ಯಾವ ಯಾವ ಪರೀಕ್ಷೆ?

ಡಾಕ್ಟರು ಮೈ ನೋಡಿದ ಮೇಲಿನ ಮಾತಿದು. ಸಾಮಾನ್ಯವಾಗಿ ಸಿಬಿಸಿ, ಇಎಸ್‌ಆರ್, ಸಕ್ಕರೆ, ಕ್ರಿಯಾಟಿನಿನ್, ಎಲ್‌ಎಫ್‌ಟಿ, ಟಿಎಸ್‌ಎಚ್, ಬೇಕಾದರೆ ಫೆರಿಟಿನ್, ಎದೆಯ ಎಕ್ಸ್‌ರೇ. ಸಿಬಿಸಿಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದರೆ ಹೊಟ್ಟೆಹುಳುವಿಗಾಗಿ ಮಲ ಪರೀಕ್ಷೆ. ಕೈಕಾಲ ಮೇಲೆ ತಿಂಗಳುಗಟ್ಟಲೆ ತುರಿಸುವ ಗುಳ್ಳೆ ಎದ್ದು ಬೀಳುತ್ತಿದ್ದರೆ ಎಚ್‌ಐವಿ ಪರೀಕ್ಷೆಯನ್ನೂ ಹೇಳಬಹುದು, ಬೇಸರಿಸಬೇಡಿ. ಸರ್ಕಾರಿ ಕೇಂದ್ರದಲ್ಲಿ ಅದು ಉಚಿತ, ಗುಟ್ಟಾಗಿರುತ್ತದೆ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಚರ್ಮವೈದ್ಯರು ಬೇಕಾದರೆ ಮಡಿಕೇರಿಯಲ್ಲಿ 2016ರಲ್ಲಿ ಶುರುವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ. ನೇರ ಮೈಸೂರು, ಮಂಗಳೂರಿಗೆ ಓಡುವ ವಾಡಿಕೆ ನಮಗೆ. ತುರಿಕೆಗೆ ಅದು ಬಹಳಷ್ಟು ಸಲ ಅನಗತ್ಯ.

ತುರಿಕೆಯೇ ಇಲ್ಲದ ಬಿಳಿಚು ಮಚ್ಚೆ ಇದೆ. ತುರಿಸದಿದ್ದ ಮೇಲೆ ತೊಂದರೆಯಿಲ್ಲ ತಾನೆ?

ತುರಿಸದ, ಮುಟ್ಟಿದರೆ ಗೊತ್ತಾಗದ ಮಚ್ಚೆಯನ್ನು ಮೊದಲು ತೋರಿಸಿ. ಕುಷ್ಠದ ಮಚ್ಚೆ ಹಾಗಿರುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ.

ಬರೀ ಸೆಟ್ರಿಜಿನ್ ನುಂಗಿಕೊಂಡು ಇದ್ದರೆ ಆಗದೆ?

ಗಂಧೆಗೆ ಅದು ಸರಿಯಾದ ಮಾತ್ರೆ. ಉಳಿದ ತುರಿಕೆಗಳಲ್ಲಿ ನಿದ್ದೆ ಬರಿಸುವುದೇ ಅದರ ಮುಖ್ಯ ಉಪಕಾರ, ನಿದ್ದೆ ಬಂದವರು ಕೆರೆದುಕೊಳ್ಳುವುದಿಲ್ಲ. ಹಳೆಯ ಸಿಪಿಎಂ, ಹೈಡ್ರಾಕ್ಸಿಜಿನ್ ಇನ್ನೂ ಮಂಪರು. ಬೆಳಿಗ್ಗೆ ಅದನ್ನು ನುಂಗಿ ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ತಿರುವಿನಲ್ಲೋ ಗಾಡಿ ಓಡಿಸಬೇಡಿ. ಸಂಜೆ ಒಂದು ಪೆಗ್ ಹಾಕುವವರು ಎರಡನ್ನೂ ಸೇರಿಸಬೇಡಿ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವುದಕ್ಕೂ ಈ ಮಾತ್ರೆ ಕಾರಣವಾಗುತ್ತದೆ.

ಕೆರೆಯದೆ ಇರುವುದು ಹೇಗೆ?

ಬೇಡ ಎಂದರೆ ಕೈ ಕೇಳುವುದಿಲ್ಲ, ಗೊತ್ತು. ಕೆರೆದಷ್ಟೂ ಚರ್ಮ ದಪ್ಪಗಾಗಿ ಇನ್ನಷ್ಟು ತುರಿಸುತ್ತದೆ. ಉಗುರು ಕತ್ತರಿಸಿ. ಒದ್ದೆ ಬಟ್ಟೆ ಒತ್ತಿಡಿ. ತಂಪನ್ನು ತಿಳಿಸುವ ನರ ತುರಿಕೆಯ ನರವನ್ನು ಸುಮ್ಮನಾಗಿಸುತ್ತದೆ. ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟು ಹಚ್ಚಿದರೆ ಹಿತ. ಮಕ್ಕಳಿಗೆ ರಾತ್ರಿ ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿ. ಡೆಟಾಲ್, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ, ಬ್ಯಾಟರಿ ನೀರು ಬೇಡ; ಈ ನಾಲ್ಕನ್ನೂ ಹಚ್ಚಿಕೊಂಡು ಬಂದವರನ್ನು ನೋಡಿಯೇ ಬರೆಯುತ್ತಿದ್ದೇನೆ.

ಡಾಕ್ಟರ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಯಾವ ತಿಂಗಳು ಶುರುವಾಯಿತು, ಮೈಯ ಯಾವ ಜಾಗದಲ್ಲಿ ಮೊದಲು, ಮನೆಯಲ್ಲಿ ಇನ್ನಾರಿಗಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದಿನಾ ನುಂಗುವ ಎಲ್ಲ ಮಾತ್ರೆಯ ಪಟ್ಟಿ, ಹಳೆಯ ರಕ್ತ ಪರೀಕ್ಷೆಯ ಕಾಗದ ಇರಲಿ. ಅಂದು ಬೆಳಿಗ್ಗೆ ಮೈಗೆ ಎಣ್ಣೆ, ಅರಿಶಿನ, ಪೌಡರ್ ಏನೂ ಹಚ್ಚಬೇಡಿ, ಕಲೆ ಕಾಣಬೇಕಲ್ಲ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಖಾಲಿಯಾಗಿ ಸುರುಳಿ ಸುತ್ತಿದ್ದರೂ ಪರವಾಗಿಲ್ಲ, ಬಿಚ್ಚಿ ಓದಿಕೊಳ್ಳುತ್ತಾರೆ.